ದೇಶ ಕಾಯ್: ಚಿಹ್ನೆ ತನಿಖೆಯಲ್ಲಿದೆ

ಜುಲೈ 26, ಶನಿವಾರ

ಸರ್ವರಿಗೂ, ಅಂದರೆ ನನಗೆ, ತಿಳಿಯಪಡಿಸುವುದೇನೆಂದರೆ: ಇಂದಿನಿಂದ ಈ ಇನ್ನೂರು ಪುಟದ ನೋಟಬುಕ್ಕು ರಾಜಪತ್ರವೆಂದು ಘೋಷಣೆಯಾಗಿದೆ. ಸರ್ಕಾರ ನಾನೇ. ವಿರೋಧ ಪಕ್ಷ ನಮ್ಮ ಅಜ್ಜಿ ಗಂಗೂಬಾಯಿ, ಅವಳನ್ನು ಮನೆಯಲ್ಲಿ ಆಯಿ ಎನ್ನುತ್ತೇವೆ. ಖಜಾನೆ ಅಪ್ಪನ ಕಿರಾಣಿ ಅಂಗಡಿ. ಅದು ಶೇಡಬಾಳದ ಬಸ್ ತಂಗುದಾಣಕ್ಕೆ ಸರಿಯಾಗಿ ಎದುರಿಗಿದೆ. ಹಾಗಾಗಿ ಬಿ.ಎ. ಕೊನೆಯ ವರ್ಷ ಓದುತ್ತ, ಗಿರಾಕಿಗಳಿಗೆ ಬೆಲ್ಲ ತೂಗುತ್ತ, ರಾಷ್ಟ್ರದ ಆಗುಹೋಗುಗಳ ಮೇಲೆ ಕಣ್ಣಿಡುವುದು ನನಗೆ ಸುಲಭ.

ಸರ್ಕಾರದ ಈವರೆಗಿನ ಸಾಧನೆ: ನಾಲ್ಕು ತಿಂಗಳ ಹಿಂದೆ ತಂಗುದಾಣದ ಕಟ್ಟೆಯ ಮೇಲೆ ಒಂದು ಬೋರ್ಡು ತೂಗುಹಾಕಿದೆ. 'ಇಲ್ಲಿ ಕುಳಿತು ಯೋಚಿಸುವುದನ್ನು ನಿಷೇಧಿಸಲಾಗಿದೆ. ಆದೇಶದ ಮೇರೆಗೆ.' ಯಾರ ಆದೇಶ ಎಂದು ಒಬ್ಬರೂ ಕೇಳಲಿಲ್ಲ. ಎಲ್ಲರೂ ಶಿಸ್ತಿನಿಂದ ಪಾಲಿಸುತ್ತಿದ್ದಾರೆ. ಕುರಿ ಕಾಯುವ ಹೊಳೆವ್ವನ ಮಗ ಬೀರದೇವ ಮಾತ್ರ ಅಂಗಡಿಗೆ ಬಂದು ಮೆಲ್ಲಗೆ ಕೇಳಿದ: "ನಿಂತು ಯೋಚನಿ ಮಾಡಬಹುದೇನ ಬೇ?"

ಇಂದಿನ ಮುಖ್ಯ ಸುದ್ದಿ: ಸೈನ್ಯದಲ್ಲಿ ಹದಿನೇಳು ವರ್ಷ ಇದ್ದ ನಮ್ಮೂರ ಬಸವಂತಣ್ಣ ಈ ತಿಂಗಳ ಕೊನೆಗೆ ನಿವೃತ್ತನಾಗಿ, ಆಗಸ್ಟ್ ಮೂರರ ಭಾನುವಾರ ಊರಿಗೆ ಬರುತ್ತಾನೆ. ತರುಣ ಮಂಡಳದ ಅಧ್ಯಕ್ಷ ವಿಕ್ರಾಂತನ ಪಟ್ಟಿ ಸಿದ್ಧವಾಗಿದೆ: ತೆರೆದ ಜೀಪು, ಡಿಜೆ, ಜೆಸಿಬಿಯಿಂದ ಹೂವಿನ ಮಳೆ. ತಂಗುದಾಣದ ಗೋಡೆಯ ಮೇಲೆ ಬರಹ.

ಸಹಿ: ಅಖಂಡ ಶೇಡಬಾಳ ಕಿಡಿಗೇಡಿ ಮಹಾಮಂಡಳದ ಸಂಸ್ಥಾಪಕ ಅಧ್ಯಕ್ಷೆ (ಒಟ್ಟು ಸದಸ್ಯರು: ಒಬ್ಬರು)

ಜುಲೈ 28, ಸೋಮವಾರ

ಗೋಡೆ ಬರೆಯುವ ಕೆಲಸ ಬೀರದೇವನಿಗೆ ಬಂತು. ಊರಲ್ಲಿ ಅವನಷ್ಟು ಚೆಂದದ ಅಕ್ಷರ ಯಾರದೂ ಇಲ್ಲ. ವಿಕ್ರಾಂತ ಫೋನಿನಲ್ಲಿ ಓದಿ ಹೇಳಿದ ಒಕ್ಕಣೆ 'ಭಾರತಾಂಬೆಯ ಹೆಮ್ಮೆಯ ಸುಪುತ್ರ' ಎಂದು ಶುರುವಾಗಿ ನಲವತ್ತೊಂದು ಶಬ್ದಗಳ ನಂತರವೂ ಉಸಿರು ಬಿಡುತ್ತಿರಲಿಲ್ಲ. ಗೋಡೆ ಇರುವುದು ಹನ್ನೆರಡು ಅಡಿ. ಬೀರದೇವ ಎಲ್ಲ ಕೇಳಿಸಿಕೊಂಡು ನೀಲಿ ಬಣ್ಣದಲ್ಲಿ ಎರಡೇ ಶಬ್ದ ಬರೆದ:

ದೇಶ ಕಾಯ್!

ಕೆಳಗೆ ಸಣ್ಣಗೆ ಬಸವಂತಣ್ಣನ ಹೆಸರು, ಸ್ವಾಗತ.

"ಇಷ್ಟ ಏನೋ? ವಿಕ್ರಾಂತಣ್ಣನ ನಲವತ್ತೊಂದು ಶಬ್ದ ಎಲ್ಲಿ ಹೋದುವು?" ಎಂದೆ.

"ಬಸವಂತಣ್ಣ ಸೂಟಿಗೆ ಬಂದಾಗೊಮ್ಮೆ ನಂಗ ಉಗಾರ ರಸ್ತೆದಾಗ ಓಡಸ್ತಿದ್ದ. ನಾ ದಣದು ಕುಂತ್ರ ಹಿಂದಿಂದ ಒದರಾಂವ: ಲೇ, ಕುರಿ ಕಾಯ್ದಿದ್ದ ಸಾಕು, ಇನ್ನ ದೇಶ ಕಾಯ್! ಅವನ ಮಾತು ಅವಗ ತಿಳೀತೈತಿ. ಉಳಕಿದ್ದೆಲ್ಲಾ ಯಾಕ ಬೇಕು?"

ಬೀರದೇವ ಈ ಸಲದ ಭರ್ತಿಯಲ್ಲಿ ಓಟ, ಪರೀಕ್ಷೆ, ವೈದ್ಯಕೀಯ ಎಲ್ಲ ದಾಟಿದ್ದಾನೆ. ಇನ್ನು ಉಳಿದಿರುವುದು ಪೊಲೀಸರ ವಿಚಾರಣೆ ಮಾತ್ರ: ಹುಡುಗನ ನಡತೆ ಸರಿ ಇದೆ ಎಂದು ಅವರೊಂದು ಕಾಗದ ಕಳಿಸಿದರೆ ಮುಗಿಯಿತು.

ಬಣ್ಣದ ಡಬ್ಬಿಯನ್ನು ನಮ್ಮ ಅಂಗಡಿಯ ಮೆಟ್ಟಿಲ ಕೆಳಗಿಟ್ಟು ಹೋದ. ಆಯಿ ಬಸದಿಯಿಂದ ಬಂದವಳು ರಸ್ತೆ ದಾಟಿ ನಿಂತು, ಗಾಳಿಯಲ್ಲಿ ಬೆರಳಾಡಿಸುತ್ತ ಗೋಡೆ ಓದಿದಳು. ಅವಳ ತವರು ಮಿರಜ ಕಡೆಯದು. ಕನ್ನಡ ಅಕ್ಷರ ಕಲಿತದ್ದು ಮದುವೆಯಾದ ಮೇಲೆ. ಕಣ್ಣು ಕನ್ನಡ ಓದುತ್ತದೆ, ತಲೆ ಮರಾಠಿಯಲ್ಲಿ ತಿಳಿಯುತ್ತದೆ.

"ದೇ...ಶ... ಕಾಯ್." ಅಲ್ಲೇ ನಿಂತಳು. "ಅಗಂ ಕಾಜಲ, ದೇಶಾಲಾ ಕಾಯ್ ಝಾಲಂ?"

ಮರಾಠಿಯಲ್ಲಿ ಕಾಯ್ ಎಂದರೆ ಏನು. ದೇಶಕ್ಕೆ ಏನಾಯಿತು ಎಂದು ಗಾಬರಿಯಿಂದ ಕೇಳುತ್ತಿದ್ದಳು ನಮ್ಮಾಯಿ.

ನಾನು ನಗಲಿಲ್ಲ. ಮಹತ್ತರ ಸಂಶೋಧನೆಯ ಮುಂದೆ ವಿಜ್ಞಾನಿ ನಗುವುದಿಲ್ಲ. ಎರಡು ಶಬ್ದ, ಎರಡು ಭಾಷೆ. ಕನ್ನಡದಲ್ಲಿ ದೇಶವನ್ನು ಕಾಪಾಡು ಎಂಬ ಅಪ್ಪಣೆ. ಮರಾಠಿಯಲ್ಲಿ ದೇಶ ಎಂದರೇನು ಎಂಬ ಪ್ರಶ್ನೆ. ನಡುವೆ ಅಡ್ಡ ನಿಂತಿರುವುದು ಒಂದು ಉದ್ಗಾರ ಚಿಹ್ನೆ.

ಜುಲೈ 29, ಮಂಗಳವಾರ

ಮಧ್ಯಾಹ್ನ ಒಂದೂವರೆಗೆ ತ್ರೀ ಫೇಜ್ ಕರೆಂಟು ಬಂತು. ಕರೆಂಟು ಬಂದರೆ ನಮ್ಮೂರ ಗಂಡಸರೆಲ್ಲ ಬೋರಿನ ಮೋಟರು ಚಾಲೂ ಮಾಡಲು ಹೊಲಕ್ಕೆ ಓಡುತ್ತಾರೆ. ತಂಗುದಾಣದಲ್ಲಿ ಉಳಿದದ್ದು ಒಂದು ನಾಯಿ. ಅದು ಆದೇಶದ ಪ್ರಕಾರ ಯೋಚಿಸದೆ ಮಲಗಿತ್ತು.

ಬೀರದೇವನ ಉದ್ಗಾರ ಚಿಹ್ನೆ ನೆಟ್ಟಗಿನ ಕೋಲು. ಅದರ ತಲೆಗೆ ಒಂದು ಕೊಕ್ಕೆ ಸೇರಿಸಿದೆ. ಅಷ್ಟೇ. ಹತ್ತು ಸೆಕೆಂಡಿನ ಕೆಲಸ.

ದೇಶ ಕಾಯ್?

ಹೆಬ್ಬೆರಳ ಉಗುರಿಗೆ ನೀಲಿ ಹತ್ತಿದೆ, ಸೀಮೆಎಣ್ಣೆ ಹಚ್ಚಿದರೂ ಹೋಗಲಿಲ್ಲ. ಆಯಿಗೆ ಪೆನ್ನಿನ ಶಾಯಿ ಎಂದಿದ್ದೇನೆ.

ಸಹಿ: ರಾಷ್ಟ್ರೀಯ ವಿರಾಮಚಿಹ್ನೆ ಪ್ರಾಧಿಕಾರದ ಮುಖ್ಯ ಅಭಿಯಂತರರು

ಜುಲೈ 30, ಬುಧವಾರ

ಇಂಥದ್ದು ಆಗುತ್ತದೆಂದು ಎಣಿಸಿರಲಿಲ್ಲ. ಜನ ನಗುತ್ತಾರೆ, ಮುಗಿಯುತ್ತದೆ ಅಂದುಕೊಂಡಿದ್ದೆ. ನಕ್ಕರು. ಆಮೇಲೆ ಉತ್ತರ ಹೇಳತೊಡಗಿದರು! ಬೆಳಿಗ್ಗೆ ಏಳರಿಂದ ಸಂಜೆವರೆಗೆ ಹಣದ ಗಲ್ಲೆಯ ಹಿಂದೆ ಕುಳಿತು, ಹಳೆಯ ರದ್ದಿ ಕಾಗದದ ಮೇಲೆ ಬರೆದುಕೊಂಡೆ.

ಮಿರಜ ಬಸ್ಸಿನ ಕಂಡಕ್ಟರ್ ಟಿಕೆಟು ಹರಿಯುತ್ತ ಹೇಳಿದ: "ಕಾಗವಾಡ ದಾಟಿದ ಕೂಡ್ಲೇ ಬೋರ್ಡ ಬದಲಾಗ್ತಾವ, ಸರ್ಕಾರ ಬದಲಾಗ್ತೈತಿ. ಚಿಲ್ಲರ ಇಲ್ಲ ಅನ್ನೂದ ಮಾತ್ರ ಬದಲಾಗಂಗಿಲ್ಲ. ಅದ ನೋಡ್ರಿ ದೇಶ." ಒಂದು ಚಿಕ್ಕ ಹುಡುಗಿಗೆ ದೇಶ ಎಂದರೆ ಝೆಂಡಾ ಹಾರಿಸಿದ ಮೇಲೆ ಕೊಡುವ ಪೇಢೆ. ಹೊಳೆವ್ವ ಗೋಡೆ ನೋಡಿ ಮೊದಲು ಹೇಳಿದ್ದು, "ನಮ್ಮ ಕುರಿಗೆ ತೊಪ್ಪಲ ಎಳಿಯೂ ಕೊಕ್ಕಿಗೋಲ ಇದ್ದಂಗೈತಲ್ಲ." ಅರ್ಥ ಕೇಳಿ ತಿಳಿದ ಮೇಲೆ ಸ್ವಲ್ಪ ಹೊತ್ತು ಎಲೆಅಡಿಕೆ ಜಗಿದು, "ಯಾರ್ಯಾರ ಹೊಲದಾಗ ನನ್ನ ಕುರಿ ರಾತ್ರಿ ಕುಂದರಸಾಕ ಬಿಡ್ತಾರೋ, ಅಲ್ಲೀಮಟಾ ನಂದ ದೇಶ ಅನ್ರಿ," ಎಂದಳು.

ಇಬ್ಬರು ಕಾಲೇಜು ಹುಡುಗರಿಗೆ ಜಗಳವೇ ಹತ್ತಿತು.

"ದೇಶ ಅಂದ್ರ ತಾಯಿ ಲೇ. ತಾಯಿನ್ನ ಯಾರರೆ ಪ್ರಶ್ನೆ ಮಾಡ್ತಾರೇನ?"

"ನಾ ನಮ್ಮವ್ವನ್ನ ದಿನಾ ಮಾಡ್ತೀನಿ. ಪಲ್ಯಾಕ ಉಪ್ಪ ಯಾಕ ಕಡಿಮಿ ಅಂತೀನಿ, ಬೈಸ್ಕೋತೀನಿ, ಮತ್ತ ಆಕಿ ಕೈಯಾಗ ಉಣ್ತೀನಿ. ಬ್ಯಾರೆಯವರ ಅವ್ವನ್ನ ಕೇಳಂಗಿಲ್ಲ ನಾ. ನಮ್ಮವ್ವನ್ನ ಕೇಳ್ದ ಮತ್ಯಾರನ್ನ ಕೇಳಲಿ?"

ಬಸ್ಸು ಬಂತು, ಜಗಳ ಬಸ್ಸು ಹತ್ತಿ ಹೋಯಿತು. ಅದು ಎಲ್ಲಿ ಇಳಿಯಿತೋ, ಯಾರು ಗೆದ್ದರೋ ತಿಳಿಯುವ ಆಸೆ ನನಗೆ ಇನ್ನೂ ಇದೆ.

ಆಮೇಲೆ ನನ್ನನ್ನೇ ನಾನು ಕೇಳಿಕೊಂಡೆ: ಕಾಜಲಬಾಯಿ, ತಮ್ಮ ಅಭಿಪ್ರಾಯ? ಬೆಲ್ಲದ ಪೆಂಟೆ ಒಡೆಯುತ್ತ ಯೋಚಿಸಿದೆ. ಉತ್ತರ ಬರಲಿಲ್ಲ. ವಿಚಿತ್ರವೆಂದರೆ, ಬೇಸರವೂ ಬರಲಿಲ್ಲ.

ಜುಲೈ 31, ಗುರುವಾರ

ವಿಕ್ರಾಂತ ಗೋಡೆಯ ವಿಡಿಯೊ ಮಾಡಿ ಬಿಟ್ಟಿದ್ದಾನೆ. ಮೂವತ್ತೆಂಟು ಸೆಕೆಂಡು. 'ನಮ್ಮ ವೀರ ಯೋಧ ಊರಿಗೆ ಬರುವ ಹೊತ್ತಿನಲ್ಲಿ ದೇಶ ಅಂದ್ರೇನು ಎಂದು ಹೀಯಾಳಿಸುವ ದ್ರೋಹಿಗಳು ಯಾರು?' ಸಂಜೆಯೊಳಗೆ ಅದು ರಾಯಬಾಗ, ಅಥಣಿ, ನಿಪ್ಪಾಣಿ ಎಲ್ಲ ಸುತ್ತಿ ನಮ್ಮ ಅಪ್ಪನ ಫೋನಿಗೇ ಮರಳಿ ಬಂತು. ನಿಪ್ಪಾಣಿಯವರು ಮರಾಠಿಯಲ್ಲಿ ಸಿಟ್ಟಾಗಿದ್ದರು. ಅಥಣಿಯ ಆಚೆಯವರಿಗೆ ಸಿಟ್ಟು ಬರಲು ಕಾರಣವೇ ಸಿಕ್ಕಿರಲಿಲ್ಲ: 'ಕಾಯ್ ಅಂದ್ರ ಕಾಯ್. ತಪ್ಪ ಏನೈತಿ ಇದರಾಗ?' ಎರಡೂ ಭಾಷೆ ಬಲ್ಲವರಿಗೆ ಮಾತ್ರ ಆಗುವ ಅವಮಾನವಿದು! ಇದನ್ನು ರಾಜಪತ್ರದಲ್ಲಿ ಹೆಮ್ಮೆಯಿಂದ ದಾಖಲಿಸಲು ಹೊರಟಿದ್ದೆ.

ಆಗ ವಿಡಿಯೊದ ಕೆಳಗಿನ ಕೊನೆಯ ಸಾಲು ಓದಿದೆ. 'ಗೋಡೆ ಬರೆದವನು ಬೀರದೇವ. ಎಲ್ಲರಿಗೂ ಅವನ ಅಕ್ಷರ ಗೊತ್ತು.'

ಆಗಸ್ಟ್ 1, ಶುಕ್ರವಾರ

ಭರ್ತಿಯ ವಿಚಾರಣೆಗೆಂದು ಪೊಲೀಸಪ್ಪ ಬಂದಿದ್ದ. ಹಾಸನದ ಕಡೆಯವನು. ಅಂಗಡಿಯೆದುರು ಕುರ್ಚಿ ಹಾಕಿಸಿಕೊಂಡು ಗೋಡೆಯನ್ನೇ ನೋಡುತ್ತ ಕೂತ.

"ಕಾಯಿ ಅಂದ್ರೆ ಏನ್ರೀ? ತೆಂಗಿನಕಾಯೇ?"

ವಿಕ್ರಾಂತ ಮರಾಠಿ ಅರ್ಥ ಬಿಡಿಸಿ ಹೇಳಿದ. ಪೊಲೀಸಪ್ಪ ಬೀರದೇವನತ್ತ ತಿರುಗಿದ.

"ನೀನೇ ಏನಪ್ಪ ಬರ್ದಿದ್ದು?"

"ಅಕ್ಷರ ನಂದರಿ."

"ಪ್ರಶ್ನೆ ಗುರುತು?"

"ಅದ ನಂದಲ್ಲರಿ."

"ಮತ್ತೆ ಯಾರದು?"

ಬೀರದೇವ ನೆಲ ನೋಡಿದ. ಹೊಳೆವ್ವ ಹಿಂದೆ ನಿಂತು ಸೆರಗಿನ ತುದಿ ಕಚ್ಚುತ್ತಿದ್ದಳು.

"ನೋಡಪ್ಪ, ಇವರು ಅರ್ಜಿ ಕೊಡ್ತಾರಂತೆ. ಕೊಟ್ಟರೆ ನಾನು ನಿನ್ನ ಕಾಗದದಲ್ಲಿ ಅದನ್ನ ಬರೀಲೇಬೇಕು. ಬರೆದ್ರೆ ನಿನ್ನ ನೌಕರಿ ಹೋಯ್ತು ಅಂತಲೇ ತಿಳ್ಕೊ. ಸೋಮವಾರದವರೆಗೆ ಟೈಮಿದೆ."

ನಾನು ಸಕ್ಕರೆಯ ಪೊಟ್ಟಣಕ್ಕೆ ಅಕ್ಕಿ ಸುರಿದೆ. ಅಪ್ಪ ನೋಡಿದರು, ಬೈಯಲಿಲ್ಲ.

ಭಾನುವಾರ ಬಸವಂತಣ್ಣ ಬರುತ್ತಾನೆ, ನಕ್ಕು ಮುಗಿಸುತ್ತಾನೆ. ವಿಕ್ರಾಂತನ ಸಿಟ್ಟು ಇಳಿಯುತ್ತದೆ. ನಾನು ಬಾಯಿ ಬಿಟ್ಟರೆ ಸುಮ್ಮನೆ ಇನ್ನಷ್ಟು ದೊಡ್ಡದಾಗುತ್ತದೆ. ಇದೆಲ್ಲ ಸರಿಯಾದ ವಾದವೇ. ನಾಲ್ಕು ಸಲ ಓದಿದೆ.

ಆಗಸ್ಟ್ 2, ಶನಿವಾರ

ಅಂಗಡಿಯಲ್ಲಿದ್ದೆ. ಬೀರದೇವ ಎರಡು ಸಲ ಹಾದುಹೋದ. ಒಂದು ಸಲ ನಿಂತ. ಏನಾದರೂ ಕೊಳ್ಳುತ್ತಾನೇನೋ ಎಂದು ನೋಡಿದೆ. ಏನೂ ಕೊಳ್ಳಲಿಲ್ಲ.

ಆಗಸ್ಟ್ 3, ಭಾನುವಾರ

ಅಕ್ಷರ ಹೇಗೆ ಬರುತ್ತದೋ ಹಾಗೆ ಬರಲಿ.

ಹನ್ನೊಂದಕ್ಕೆ ಮೆರವಣಿಗೆ ಬಂತು. ಡಿಜೆಗೆ ನಮ್ಮ ಬರಣಿಗಳೆಲ್ಲ ಕುಣಿದವು. ಜೆಸಿಬಿ ಬಾಯಿ ತೆರೆದು ಚೆಂಡುಹೂ ಸುರಿಯಿತು. ಗೋಡೆಯನ್ನು ವಿಕ್ರಾಂತನ ಹುಡುಗರು ತಾಡಪತ್ರಿಯಿಂದ ಮುಚ್ಚಿದ್ದರು. ಜೀಪು ಅಲ್ಲೇ ನಿಂತಿತು. ಬಸವಂತಣ್ಣ ಮೊದಲು ಇಳಿದದ್ದು ನಮ್ಮ ಅಂಗಡಿಗೆ. ಚಿಕ್ಕವನಿದ್ದಾಗ ಆಯಿ ಅವನಿಗೆ ಪೆಪ್ಪರಮೆಂಟು ಕೊಡುತ್ತಿದ್ದಳಂತೆ. ಹೂವಿನ ಹಾರ ಸರಿಸಿಕೊಂಡು ಕಾಲಿಗೆರಗಿದ.

"ಇಷ್ಟ ವರ್ಷ ಅಲ್ಲಿ ಏನ ಮಾಡಿದ್ಯೋ ಬಾಳಾ?" ಆಯಿ ಕೇಳಿದಳು, ಯಾವುದೋ ಮದುವೆಗೆ ಹೋಗಿ ಬಂದವನನ್ನು ಕೇಳುವಂತೆ.

"ಭಾಳ ಮಾಡಿ ಪಹರೇಕ ನಿಂತಿದ್ದೆ ಆಯಿ. ಕತ್ತಲದಾಗ ಯಾರರೆ ಬಂದ್ರ 'ಥಮ್! ಕೌನ್ ಆತಾ ಹೈ?', ನಿಲ್ಲ, ಯಾರ ಬರೂದು ಅಂತ ಕೇಳೂದು. ಅಷ್ಟ."

"ಗುರುತಿನವರ ಬಂದ್ರ?"

"ಗುರುತಿನವರನ್ನೂ ಕೇಳಬೇಕು. ಒಂದ ಸಲ ನಮ್ಮ ಕರ್ನಲ್ ಸಾಹೇಬ್ರು ಬಂದ್ರು, ನಾ ದನಿ ಗುರುತ ಹಿಡದು ಸುಮ್ಮ ಸೆಲ್ಯೂಟ್ ಹೊಡದೆ. ಏಳ ದಿನ ಶಿಕ್ಷಾ ಆತು. ಯಾಕ ಕೇಳಲಿಲ್ಲ ಅಂತ."

ಆಯಿ ನಕ್ಕಳು. ನಾನು ನಗಬೇಕಿತ್ತು.

ಅಷ್ಟರಲ್ಲಿ ವಿಕ್ರಾಂತ ಮೈಕು ಹಿಡಿದಿದ್ದ. ಬೀರದೇವ ಮುಂದೆ ಬಂದು, ಬಸವಂತಣ್ಣನ ಕಾಲು ಹಿಡಿದು, ದೇಶಕ್ಕೆ ಕ್ಷಮೆ ಕೇಳಬೇಕು ಎಂದ. ಬೀರದೇವ ಬಂದ. ಹೊಸ ಅಂಗಿ ಹಾಕಿಕೊಂಡಿದ್ದ. ಬಸವಂತಣ್ಣ ಏನೂ ತಿಳಿಯದೆ ಅವರಿವರ ಮುಖ ನೋಡುತ್ತಿದ್ದ. ನಾನು ಗಲ್ಲೆಯ ಹಿಂದಿನಿಂದ ಹೇಗೆ ಇಳಿದೆನೋ, ರಸ್ತೆ ಹೇಗೆ ದಾಟಿದೆನೋ ನೆನಪಿಲ್ಲ. ಮೈಕು ಕೈಯಲ್ಲಿತ್ತು. ರೂಢಿಯ ಪ್ರಕಾರ ಬಾಯಿಂದ ಹೊರಟದ್ದು:

"ಸರ್ವರಿಗೂ ತಿಳಿಯಪಡಿಸುವುದೇನೆಂದರೆ..."

ಎಲ್ಲರೂ ಹೋ ಎಂದು ನಕ್ಕರು.

"ಆ ಕೊಕ್ಕಿ ಹಚ್ಚಿದಾಕಿ ನಾನ."

ಇನ್ನೂ ಜೋರಾಗಿ ನಕ್ಕರು. "ಶಾಂತಿನಾಥಣ್ಣನ ಮಗಳ ಮತ್ತ ಮಷ್ಕಿರಿ ಚಾಲೂ ಮಾಡಿದ್ಲಪಾ!" ಎಂದು ಯಾರೋ ಕೂಗಿದರು. ಬೀರದೇವನನ್ನು ಉಳಿಸಲು ನಾಟಕ ಮಾಡುತ್ತಿದ್ದಾಳೆ ಎಂದರು ಇನ್ನೊಬ್ಬರು. ಇಡೀ ಜನ್ಮದಲ್ಲಿ ಒಂದು ನಿಜ ಹೇಳಿದರೆ ಅದನ್ನೂ ಜೋಕಿಗೆ ಜಮಾ ಮಾಡಿಕೊಂಡರು. ಮೆಟ್ಟಿಲ ಕೆಳಗಿಂದ ಡಬ್ಬಿ ತಂದೆ. ತಾಡಪತ್ರಿ ಎಳೆದೆ. ಗೋಡೆಯ ಪಕ್ಕದ ಕಂಬದ ಮೇಲೆ ಇನ್ನೊಂದು ಕೊಕ್ಕೆ ಎಳೆದೆ. ನಾನು ಎಡಗೈಯವಳು. ಎರಡೂ ಒಂದೇ ಕಡೆ ವಾಲಿದ್ದವು. ಆಗ ಡಿಜೆಯವನು ತಾನಾಗಿ ಹಾಡು ನಿಲ್ಲಿಸಿದ.

ವಿಕ್ರಾಂತ ಕೂಗಾಡುತ್ತಾನೆ ಅಂದುಕೊಂಡಿದ್ದೆ. ಅವನ ದನಿ ಸಣ್ಣಗಾಗಿತ್ತು.

"ಕಾಜಲ, ನಾ ಮೂರ ಭರ್ತಿಗೆ ಹೋಗೀನಿ. ಓಡೂದ್ರಾಗ ಮೂರೂ ಸಲ ಪಾಸ್. ಎದಿ ಎರಡ ಸೆಂಟಿಮೀಟರ ಕಡಿಮಿ ಬಿತ್ತು. ಎರಡ ಸೆಂಟಿಮೀಟರ! ಈ ಎರಡ ಶಬ್ದ ನಿನಗ ಚ್ಯಾಷ್ಟಿ ಇರಬಹುದು. ನನಗಲ್ಲ."

ಇದು ನನಗೆ ಗೊತ್ತಿರಲಿಲ್ಲ. ದಿನಾ ಅಂಗಡಿಗೆ ಬರುವ ಮನುಷ್ಯ.

"ತಪ್ಪಾತು ವಿಕ್ರಾಂತಣ್ಣಾ. ಬೀರದೇವನ ಅಕ್ಷರದಾಗ ಬರದಿದ್ದು ತಪ್ಪ. ಅವಂದೂ ಬಸವಂತಣ್ಣಂದೂ ಮಾತು ಅದು. ಅದನ್ನ ಕೆಡಿಸಿದ್ನಿ."

"ಹಂಗಾದ್ರ ಮೈಕಿನ್ಯಾಗ ಮೂರ ಸಲ ಜೈ ಅನ್ನು. ಮುಗಿಸೂನು."

"ಜೈ ಅನ್ನಾಕ ನನಗೇನ ತ್ರಾಸ ಇಲ್ಲ. ನಿನಗಿಂತ ಜೋರ ಅಂತೀನಿ, ನಾಳೆ ಬೇಕಾದ್ರ ಬಾ. ಶಿಕ್ಷಾ ಅಂತ ಅನ್ನಂಗಿಲ್ಲ. ಶಿಕ್ಷಾ ಅಂತ ಅಂದ್ರ ಅದಕ್ಕೇನ ಕಿಮ್ಮತ್ತ ಉಳೀತು? ಮತ್ತ ಕೇಳಿದ್ದು... ಕೇಳಿದ್ದು ಯಾಕ ತಪ್ಪ ಅನ್ನೂದು ನನಗ ಇನ್ನೂ ತಿಳದಿಲ್ಲ. ತಿಳಿಸಿ ಹೇಳು, ಕೇಳ್ತೀನಿ."

ಬಸವಂತಣ್ಣ ಗೋಡೆಯ ಮುಂದೆ ನಿಂತಿದ್ದ. ಬೀರದೇವನ ಹೆಗಲ ಮೇಲೆ ಕೈಯಿಟ್ಟು, "ನಾ ಒದರಿದ್ದ ನೆನಪ ಇಟ್ಟೀಯಲ್ಲ ಮಗನ," ಎಂದ. ಆಮೇಲೆ ಜೀಪಿನ ಕಡೆ ತಿರುಗಿ, "ನಡೀರ್ಯೋ, ನಮ್ಮವ್ವ ಹಾದಿ ನೋಡಾಕತ್ತಾಳ," ಎಂದ.

ಬೀರದೇವ ಮೆರವಣಿಗೆಯ ಜೊತೆ ಹೋಗಲಿಲ್ಲ. ನನ್ನ ಹತ್ತಿರ ಬಂದು ಬ್ರಷು ಕಸಿದುಕೊಂಡ. "ಕೇಳೂದಿತ್ತಂದ್ರ ನಿನ್ನ ಅಕ್ಷರದಾಗ ಕೇಳಬೇಕಿತ್ತು," ಎಂದವನೇ ನಡೆದ.

ಅಪ್ಪ ರಾತ್ರಿ ಮಲಗುವ ಮುಂಚೆ, "ನಿನ್ನ ಕೊಕ್ಕಿ ಎರಡೂ ಸೇಮ್ ಬಂದಿದ್ವು," ಎಂದರು. ಬೈದರೋ ಹೊಗಳಿದರೋ ತಿಳಿಯಲಿಲ್ಲ.

ಆಗಸ್ಟ್ 4, ಸೋಮವಾರ

ಠಾಣೆಗೆ ಹೋಗಿ ಹೇಳಿಕೆ ಬರೆದುಕೊಟ್ಟೆ. ನಾನು ನಾಲ್ಕು ಪುಟ ಬರೆಯಲು ತಯಾರಾಗಿದ್ದೆ. "ಐದು ಸಾಲು ಸಾಕಮ್ಮ," ಎಂದ ಹಾಸನದ ಪೊಲೀಸಪ್ಪ. ಕೊನೆಗೆ ಸಹಿ. ಕಾಜಲ ಶಾಂತಿನಾಥ. ಅದು ಅಷ್ಟು ಸಣ್ಣ ಹೆಸರು ಎಂದು ಈವರೆಗೆ ಲಕ್ಷ್ಯಕ್ಕೆ ಬಂದಿರಲಿಲ್ಲ.

ವಿಕ್ರಾಂತನೂ ಅಲ್ಲೇ ಇದ್ದ. ಅರ್ಜಿ ಬರೆಯುತ್ತಿದ್ದ. ಯಾರ ಮೇಲೆ ಎಂಬಲ್ಲಿ ಈಗ ನನ್ನ ಹೆಸರು. ಯಾವ ಅಪರಾಧ ಎಂಬಲ್ಲಿ ಪೆನ್ನು ನಿಂತಿತು.

"ಸದರಿ ಗೋಡೆಯ ಮೇಲೆ ಏನಿತ್ತು ಅಂತ ಕನ್ನಡದಲ್ಲಿ ಬರೀರಿ, ಮೇಲಿನ ಸಾಹೇಬರಿಗೆ ಮರಾಠಿ ಬರಲ್ಲ," ಎಂದ ಪೊಲೀಸಪ್ಪ.

ವಿಕ್ರಾಂತ ಬರೆದ: ದೇಶ ಎಂದರೆ ಏನು? ತನ್ನದೇ ದುಂಡಗಿನ ಅಕ್ಷರದಲ್ಲಿ ಬರೆದು, ಅದನ್ನೇ ನೋಡುತ್ತ ಕುಳಿತ. ಹೊರಗೆ ಯಾರದೋ ಮೋಟರ್‌ಸೈಕಲ್ ಕಿಕ್ಕು ಹೊಡೆಯುತ್ತಿದ್ದರು, ಚಾಲೂ ಆಗುತ್ತಿರಲಿಲ್ಲ. ಕೊನೆಗೆ ಅವನು ಅರ್ಜಿಯನ್ನು ಕೊಡಲೂ ಇಲ್ಲ, ಹರಿಯಲೂ ಇಲ್ಲ. ನಾಲ್ಕು ಮಡಿಕೆ ಮಾಡಿ ಅಂಗಿಯ ಕಿಸೆಗೆ ಹಾಕಿಕೊಂಡು ಎದ್ದುಹೋದ.

ಆಗಸ್ಟ್ 14, ಗುರುವಾರ

ಗೋಡೆಯ ವಿಷಯಕ್ಕೆ ಇಂದು ಪಂಚಾಯತಿಯಲ್ಲಿ ಸಭೆ. ಅಳಿಸಿದರೆ ಯೋಧನಿಗೆ ಅವಮಾನ. ಬಿಟ್ಟರೆ ದೇಶಕ್ಕೆ ಅವಮಾನ. ಉದ್ಗಾರ ಚಿಹ್ನೆ ಹಾಕಿದರೆ ಆಯಿಯಂಥವರು ಆಗಲೂ ಮರಾಠಿಯಲ್ಲೇ ಓದುತ್ತಾರೆ. ಎರಡು ತಾಸಿನ ನಂತರ ಸರ್ವಾನುಮತದ ಠರಾವು: ಶಬ್ದಗಳು ಇರಲಿ, ಚಿಹ್ನೆ ತೆಗೆಯತಕ್ಕದ್ದು.

ಹೀಗಾಗಿ ನಾಳೆಯ ಝೆಂಡಾ ವಂದನೆ ನಡೆಯುವುದು 'ದೇಶ ಕಾಯ್' ಕೆಳಗೆ. ಮುಂದೆ ಏನೂ ಇಲ್ಲ, ಒಂದು ಗೇಣು ಬಿಳಿ ಸುಣ್ಣ. ನನ್ನ ಮಹಾಮಂಡಳ ನೂರು ವರ್ಷ ತಲೆಕೆಡಿಸಿಕೊಂಡರೂ ಇಂಥ ತಮಾಷೆ ಹುಟ್ಟುತ್ತಿರಲಿಲ್ಲ. ಬೀರದೇವನಿಗೆ ಹೇಳಬೇಕೆನಿಸಿತು. ಅವನು ಹತ್ತು ದಿನದಿಂದ ಸಾಬೂನನ್ನೂ ಬೇರೆ ಅಂಗಡಿಯಲ್ಲಿ ಕೊಳ್ಳುತ್ತಿದ್ದಾನೆ.

ಪೊಲೀಸರಿಂದ ಅವನ ನಡತೆಯ ಕಾಗದ ಹೋಯಿತೋ ಇಲ್ಲವೋ ಯಾರಿಗೂ ಗೊತ್ತಿಲ್ಲ.

ಆಗಸ್ಟ್ 29, ಶುಕ್ರವಾರ

ಹೋದ. ಬೆಳಗಿನ ಮಿರಜ ಬಸ್ಸಿಗೆ, ಅಲ್ಲಿಂದ ರೈಲು. ಕರೆ ಮೂರು ದಿನದ ಹಿಂದೆ ಬಂದಿತ್ತಂತೆ, ಹೊಳೆವ್ವ ಊರಿಗೆಲ್ಲ ಸಕ್ಕರೆ ಹಂಚಿದಳು. ಆ ಸಕ್ಕರೆ ನಮ್ಮ ಅಂಗಡಿಯದೇ. ಕೊಳ್ಳಲು ಅವಳೇ ಬಂದಿದ್ದಳು.

ಬಸ್ಸಿಗೆ ಇನ್ನೂ ಹೊತ್ತಿತ್ತು. ಬೀರದೇವ ಟ್ರಂಕನ್ನು ತಂಗುದಾಣದ ಕಟ್ಟೆಯ ಮೇಲಿಟ್ಟು ಅಂಗಡಿಗೆ ಬಂದ. ಬೂಟ್ ಪಾಲಿಶ್, ಒಂದು ಬಾಚಣಿಕೆ ಎಂದ. ಅಲ್ಲಿ ಅವನ ತಲೆಯನ್ನು ನುಣ್ಣಗೆ ಬೋಳಿಸುತ್ತಾರೆ, ಬಾಚಣಿಕೆ ಯಾಕೆ ಎಂದು ನಾನು ಕೇಳಲಿಲ್ಲ. ಕಟ್ಟಿ ಕೊಟ್ಟೆ.

"ನಿನ್ನ ಉಗರಾನ ಬಣ್ಣ ಹೋತೇನ?" ಎಂದ.

ನಾನು ಹೆಬ್ಬೆರಳು ಮುಚ್ಚಿಕೊಂಡೆ. ಅದು ಹೋಗಿ ಎಷ್ಟೋ ದಿನವಾಗಿತ್ತು.

"ಹೋದ ತಿಂಗಳ ಮೂವತ್ತನೇ ತಾರೀಕ ಸಾಬೂನ ತಗೊಳ್ಳಾಕ ಬಂದಿದ್ನೆಲ್ಲ, ಅವತ್ತ ನೋಡಿದ್ನಿ."

"ಮತ್ತ ಪೊಲೀಸಪ್ಪ ಕೇಳಿದಾಗ ಯಾಕ ಹೇಳಲಿಲ್ಲೋ? ನಿನ್ನ ನೌಕರಿ ಹೋಗ್ತಿತ್ತಲ್ಲ!"

"ನೀ ಹೇಳ್ತಿ ಅಂತ ಕಾಯ್ದೆ," ಎಂದ. "ಶನಿವಾರ ಎರಡ ಸಲ ಬಂದೆ. ಅಂಗಡಿ ಮುಂದ ನಿಂತೆ. ಕಾಯ್ದೆ."

ಬಸ್ಸು ಬಂತು. ಅದೇ ಕಂಡಕ್ಟರ್. ಚಿಲ್ಲರೆ ಇಲ್ಲವೆಂದ.

ಬಸ್ಸು ಕಾಗವಾಡದ ತಿರುವು ದಾಟುವವರೆಗೆ ರಸ್ತೆಯಲ್ಲಿ ನಿಂತಿದ್ದೆ. ಆಮೇಲೆ ಗೋಡೆಯ ಕೆಳಗೆ ಹೋಗಿ ಕುಳಿತೆ. ಆ ಶಬ್ದಕ್ಕೆ ಎರಡೇ ಅರ್ಥ ಎಂದು ನಾನು ಒಂದು ತಿಂಗಳು ಮೆರೆದಿದ್ದೆ. ಕಟ್ಟೆಯ ಮೇಲೆ ನನ್ನದೇ ನಿಷೇಧದ ಬೋರ್ಡು ತೂಗುತ್ತಿತ್ತು. ಬಿಚ್ಚಿ ಮಡಿಲಲ್ಲಿಟ್ಟುಕೊಂಡೆ. ಬಿಳಿ ಸುಣ್ಣದ ಆ ಗೇಣು ಜಾಗವನ್ನೇ ಎಷ್ಟು ಹೊತ್ತು ನೋಡಿದೆನೋ ತಿಳಿಯದು.

ಆಯಿಗೆ ದಶಲಕ್ಷಣ ಪರ್ವ, ಒಂದೇ ಹೊತ್ತಿನ ಊಟ. ಬಸದಿಯಿಂದ ಮೆಲ್ಲಗೆ ನಡೆದು ಬರುತ್ತಿದ್ದಳು. ಗಲ್ಲೆ ಖಾಲಿ ಬಿಟ್ಟು ನಾನಿಲ್ಲಿ ಕುಳಿತದ್ದನ್ನು ಕಂಡು ರಸ್ತೆಯ ಆಚೆಯಿಂದಲೇ ಕೂಗಿದಳು:

"ಕಾಯ್ ಗಂ ಕಾಜಲ?"

"ಹೂಂ ಆಯಿ," ಎಂದೆ. "ಕಾಯಾಕತ್ತೀನಿ."